ಮುಷ್ಟಿ ಎತ್ತಿದರೆ ನಿಲ್ಲಬೇಕು

ಎರಡನೆಯ ರೈ ರೊಟ್ಟಿಗೂ ಬೆಣ್ಣೆ ಸವರಿ, ಚೀಸಿನ ಹೋಳಿಟ್ಟು, ಅದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತುತ್ತ ಐರಾ ಒಮ್ಮೆ ಅತ್ತಿತ್ತ ಕಣ್ಣಾಡಿಸಿದಳು. ಹೋಟೆಲಿನ ತಿಂಡಿಮನೆಯಲ್ಲಿ ಬಡಿಸುವ ಹೆಂಗಸು ಆ ತುದಿಯ ಮೇಜಿನ ತಟ್ಟೆಗಳನ್ನು ಎತ್ತುತ್ತಿದ್ದಳು. ಪೊಟ್ಟಣ ತೊಡೆಯ ಮೇಲಿದ್ದ ಕೈಚೀಲದೊಳಕ್ಕೆ ಜಾರಿತು.

"ಸಿಕ್ಕಿಬಿದ್ರೆ ನಾನು ನಿನ್ನ ಗಂಡ ಅಲ್ಲ, ಈಗಲೇ ಹೇಳಿದೀನಿ," ಎಂದ ರೈನೊ, ಕಾಫಿಯಿಂದ ಕಣ್ಣೆತ್ತದೆ.

"ತಿನ್ನೋವಾಗ ಮಾತ್ರ ಗಂಡ."

"ಮೊಟ್ಟೇನೂ ಒಂದು ಹಾಕ್ಕೋ ಅಮ್ಮ."

ಮಗಳು ಸಾತು ಹುಟ್ಟಿದ ದಿನದಿಂದ ಅವನಿಗೆ ಹೆಂಡತಿ 'ಅಮ್ಮ'. ಅವನ ಅಪ್ಪನೂ ತನ್ನ ಹೆಂಡತಿಯನ್ನು ಹಾಗೆಯೇ ಕರೆಯುತ್ತಿದ್ದ. ಸಾತುವಿಗೆ ಈಗ ನಲವತ್ತು ತುಂಬಿದೆ, ಕರೆಯುವುದು ಬದಲಾಗಿಲ್ಲ.

ಮೊಟ್ಟೆಯನ್ನು ಚೀಲಕ್ಕೆ ಹಾಕುವಾಗ ಅವಳ ಬೆರಳಿಗೆ ಮಡಿಸಿದ ಹಾಳೆ ತಗುಲಿತು. ಎಲ್ಲಿಟ್ಟರೂ ಆ ಹಾಳೆ ಕೈಗೆ ಸಿಗುತ್ತಿತ್ತು. ಎಪ್ಪತ್ತು ದಾಟಿದವರ ಚಾಲನಾ ಪರವಾನಗಿ ಮುಂದುವರಿಯಬೇಕಾದರೆ ಡಾಕ್ಟರ ಚೀಟಿ ಬೇಕು. ಚೀಟಿಗೆಂದು ಹೋದಾಗ ರೈನೊ ತಿಂಗಳ ಹೆಸರು ತಪ್ಪು ಹೇಳಿದ್ದ. ಡಾಕ್ಟರು ನಗುತ್ತಲೇ ನೆನಪಿನ ಪರೀಕ್ಷೆಗೆ ಬರೆದುಕೊಟ್ಟರು. ಪರೀಕ್ಷೆ ಬರುವ ಗುರುವಾರ. ಅದರ ಜೊತೆಗೆ ಈ ಹಾಳೆ, 'ಒಟ್ಟಿಗೆ ವಾಸಿಸುವವರು ತುಂಬಬೇಕಾದದ್ದು'. ಹನ್ನೆರಡು ಪ್ರಶ್ನೆಗಳಲ್ಲಿ ಹನ್ನೊಂದನ್ನು ಐರಾ ಫಿನ್ಲೆಂಡಿನ ಪೋರ್ವೊದ ಮನೆಯ ಅಡುಗೆಮನೆಯಲ್ಲಿ ಕೂತು ತುಂಬಿದ್ದಳು. ಏಳನೆಯದು ಖಾಲಿ ಉಳಿದಿತ್ತು. ಅವರು ಓಡಿಸುವ ಕಾರಿನಲ್ಲಿ ಕೂತಾಗ ನಿಮಗೆ ಭಯವಾಗಿದೆಯೇ? ಎಂದೂ ಇಲ್ಲ, ಕೆಲವೊಮ್ಮೆ, ಆಗಾಗ. ಮೂರು ಪುಟ್ಟ ಚೌಕಗಳು.

ಅರವತ್ತಾರು ವರ್ಷದಲ್ಲಿ, ನಿನಗೆ ಭಯವಾಗುತ್ತದೆಯೇ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಫೆಬ್ರವರಿಯಲ್ಲಿ ಅವನು ಎದುರು ದಿಕ್ಕಿನ ಸಾಲಿಗೆ ನುಗ್ಗಿದ್ದ. ಬಸ್ಸಿನ ದೀಪಗಳು ಮುಖದ ಮೇಲೇ ಬಂದವು. ಬಸ್ಸಿನವನು ಪಕ್ಕಕ್ಕೆ ಎಳೆದುಕೊಂಡದ್ದರಿಂದ ಉಳಿದರು. ಸಾತುವಿಗೆ ಅವಳು ಹೇಳಿದ್ದು ಒಂದೇ ಮಾತು: ರಸ್ತೆ ಮೇಲೆ ಮಂಜುಗಡ್ಡೆ ಇತ್ತು. ಈ ಹಾಳೆ ಮನೆಗೆ ಬಂದ ರಾತ್ರಿ ರೈನೊ ಹಾಸಿಗೆಯ ಅಂಚಿನಲ್ಲಿ ಕೂತು, ಕಾಲುಚೀಲ ಕೈಯಲ್ಲೇ ಹಿಡಿದುಕೊಂಡು, "ಬಾಕಿ ಏನು ಬೇಕಾದ್ರೂ ಬರಿ ಅಮ್ಮ. ಕಾರೊಂದನ್ನ ನನ್ನ ಕೈಯಿಂದ ಕಿತ್ಕೋಬೇಡ," ಎಂದಿದ್ದ. ನಲವತ್ತೆರಡು ವರ್ಷದ ಸಂಸಾರದಲ್ಲಿ ಅವನು ಅವಳಲ್ಲಿ ಬೇಡಿದ್ದು ಅದೊಂದೇ ಸಲ.

ಅದಕ್ಕೇ ಈ ಎರಡು ದಿನದ ತಿರುಗಾಟ. ಹೆಲ್ಸಿಂಕಿಗೂ ಸಮುದ್ರದಾಚೆಯ ಎಸ್ಟೋನಿಯಾದ ತಾಲಿನ್ನಿಗೂ ನಡುವೆ ಓಡಾಡುವ ಹಡಗಿನ ಕಾರಿನ ಅಂತಸ್ತಿನಲ್ಲಿ ರೈನೊ ಮೂವತ್ತೊಂದು ವರ್ಷ ಕೆಲಸ ಮಾಡಿದ್ದ. ಒಳಬರುವ ಕಾರು, ಲಾರಿಗಳನ್ನು ಕೈಸನ್ನೆಯಿಂದ ಸಾಲಾಗಿ ನಿಲ್ಲಿಸುವುದು ಅವನ ಕೆಲಸ. ಈಗ ಬಂದಿರುವ ಈ ತಾಲಿನ್ನಿನ ಒಂದೊಂದು ಕಲ್ಲೂ ಅವನಿಗೆ ಗೊತ್ತು. ಇಲ್ಲಿ ದಾರಿ ತಪ್ಪದೆ ಎರಡು ದಿನ ಕಳೆದರೆ, ಕಾರನ್ನು ಹಡಗಿಗೆ ಹತ್ತಿಸಿ ಇಳಿಸಿ ಮನೆ ಮುಟ್ಟಿಸಿದರೆ, ಮೊದಲ ಚೌಕಕ್ಕೆ ಗುರುತು ಹಾಕುತ್ತೇನೆ ಎಂದು ಐರಾ ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದಳು. ನಿನ್ನೆ ಏನೂ ಆಗಿರಲಿಲ್ಲ. ಇವತ್ತು ನಾಲ್ಕೂವರೆಯ ಹಡಗು.

"ಏಳು, ಏಳು," ಎಂದ ರೈನೊ. "ಕದ್ದ ಮಾಲು ಇಟ್ಕೊಂಡು ಎಷ್ಟು ಹೊತ್ತು ಕೂರ್ತೀಯ?"

ಹೊರಗೆ ಏಪ್ರಿಲ್ಲಿನ ಬಿಸಿಲಿತ್ತು, ಆದರೆ ಸಮುದ್ರದ ಗಾಳಿ ಕಿವಿ ಕತ್ತರಿಸುತ್ತಿತ್ತು. ಹಳೆಯ ಕೋಟೆಯ ವಿರು ಬಾಗಿಲಿನ ಜೋಡಿ ಬುರುಜುಗಳ ಕೆಳಗೆ ಹೂವಿನವರು ಟ್ಯುಲಿಪ್ ಹೂಗಳ ಬಕೆಟ್ಟುಗಳನ್ನು ಜೋಡಿಸುತ್ತಿದ್ದರು. ಇಲ್ಲಿಂದ ಅವರ ಹಳೆಯ ಆಟ ಶುರುವಾಗುತ್ತಿತ್ತು. ಮದುವೆಯಾದ ಹೊಸತರಲ್ಲಿ ರೈನೊ ಕಂಡುಹಿಡಿದ ಆಟ. ಈ ಬಾಗಿಲಿನಿಂದ ಹೊರಟು, ನಕ್ಷೆ ನೋಡದೆ, ಯಾರನ್ನೂ ಕೇಳದೆ, ಹಿಂದಿನ ಸಲ ಹಿಡಿಯದ ಗಲ್ಲಿಗಳಲ್ಲೇ ನಡೆದು ಒಲೆವಿಸ್ತೆ ಚರ್ಚಿನ ಗೋಪುರ ಮುಟ್ಟಬೇಕು. ಸಮುದ್ರದಿಂದ ಬರುವವರಿಗೆ ಊರಿಗಿಂತ ಮೊದಲು ಕಾಣುವುದು ಆ ಗೋಪುರವೇ.

"ನಡಿ, ನೀನೇ ಮುಂದೆ," ಎಂದಳು.

ರೈನೊ ನಡೆದ. ಒಂದು ಕಮಾನಿನಡಿ ನುಗ್ಗಿದ, ಅಂಗಳವೊಂದನ್ನು ಅಡ್ಡ ದಾಟಿದ, ಕಲ್ಲಿನ ಮೆಟ್ಟಿಲ ಬಳಿ ಎಡಕ್ಕೆ ತಿರುಗಿದ. ಎರಡು ಹೆಜ್ಜೆ ಹಿಂದಿದ್ದ ಐರಾ ಅವನ ಬೆನ್ನನ್ನೇ ನೋಡುತ್ತಿದ್ದಳು. ಕವಲು ಬಂದಾಗಲೆಲ್ಲ ಅವಳ ಉಸಿರು ನಿಲ್ಲುತ್ತಿತ್ತು, ಅವನ ಕಾಲು ಮಾತ್ರ ನಿಲ್ಲುತ್ತಿರಲಿಲ್ಲ. ಬೀದಿ ದಾಟುವಲ್ಲಿ ಸೈಕಲ್ಲೊಂದು ಸರ್ರನೆ ಬಂದಾಗ ಅವನು ಹಿಂದೆ ನೋಡದೆಯೇ ಮುಷ್ಟಿ ಎತ್ತಿದ. ಅವಳ ಕಾಲು ತಾನಾಗಿ ನಿಂತಿತು.

"ಇನ್ನೂ ಮರೆತಿಲ್ಲ ನೋಡು!" ಅವನು ತಿರುಗಿ ನಕ್ಕ.

ಹೇಗೆ ಮರೆಯುತ್ತಾಳೆ? ಅವಳಿಗೆ ಕಾರು ಕಲಿಸಿದ್ದು ಅವನೇ, ಮನೆಯ ಹಿಂದಿನ ಅಂಗಳದಲ್ಲಿ, ಹಡಗಿನ ಸನ್ನೆಗಳಿಂದ. ಬೆರಳು ಮಡಿಸಿ ಕರೆದರೆ ಬರಬೇಕು, ಅಂಗೈ ಎಡಕ್ಕೆ ಬಿದ್ದರೆ ಚಕ್ರ ಎಡಕ್ಕೆ, ಮುಷ್ಟಿ ಎತ್ತಿದರೆ ನಿಲ್ಲಬೇಕು. 'ಗೋಡೆಗೂ ಕಾರಿಗೂ ಒಂದು ಗೇಣು' ಎನ್ನುವುದು ಅವನ ಅಳತೆ. ಅವಳು ಚೆನ್ನಾಗಿಯೇ ಓಡಿಸುತ್ತಿದ್ದಳು. ಆದರೆ ಪಕ್ಕದಲ್ಲಿ ಕೂತ ರೈನೊ ತನ್ನ ಕಾಲಡಿ ಇಲ್ಲದ ಬ್ರೇಕನ್ನು ತುಳಿಯುತ್ತಿದ್ದ, ಪ್ರತಿ ತಿರುವಿನಲ್ಲೂ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತಿದ್ದ. ಒಂದು ದಿನ ಅವಳು ಸುಮ್ಮನೆ ಚಾಲಕನ ಪಕ್ಕದ ಸೀಟಿನ ಬಾಗಿಲು ತೆರೆದು ಕೂತುಕೊಂಡಳು. ಜಗಳವೇನೂ ಆಗಲಿಲ್ಲ. ಅದಕ್ಕೆ ಹನ್ನೆರಡು ವರ್ಷವಾಯಿತು. ಪರವಾನಗಿ ಪರ್ಸಿನಲ್ಲೇ ಇದೆ.

ಕೋಟೆ ಗೋಡೆಗೆ ಒರಗಿಕೊಂಡ ಉಣ್ಣೆಯ ಅಂಗಡಿಗಳ ಸಾಲಿನಲ್ಲಿ ಹಳೆಯ ಪರಿಚಯದ ವೈಕೆ ಕೂತಿದ್ದಳು. ಎಸ್ಟೋನಿಯಾದವಳಾದರೂ, ಚಿಕ್ಕಂದಿನಲ್ಲಿ ಸಮುದ್ರದಾಚೆಯ ಟಿ.ವಿ. ನೋಡಿ ಕಲಿತ ಫಿನ್ನಿಷ್ ಅವಳ ನಾಲಿಗೆಯ ಮೇಲೆ ಸರಾಗವಾಗಿತ್ತು. ಫಿನ್ಲೆಂಡಿನವರನ್ನು ಇಲ್ಲಿಯವರು ತಮಾಷೆಗೆ 'ಕಡವೆ' ಎನ್ನುತ್ತಾರೆ.

"ಬಂದ್ವಪ್ಪ ಫಿನ್ಲೆಂಡಿನ ಕಡವೆಗಳು! ಈ ಸಲ ಏನು ಹೊತ್ಕೊಂಡು ಹೋಗ್ತೀರಿ, ಕೋಟೆ ಬಾಗಿಲೇನಾ?"

"ಬಾಗಿಲು ಹೋದ ಸಲಾನೇ ಒಯ್ದಾಯ್ತು," ಎಂದ ರೈನೊ. "ನೀನು ನಿದ್ದೆ ಮಾಡ್ತಿದ್ದೆ."

"ಅದಕ್ಕೇ ನೋಡು, ಗಾಳಿ ಇಷ್ಟು ಹೊಡೀತಿರೋದು!" ವೈಕೆ ಹೊಟ್ಟೆ ಹಿಡಿದು ನಕ್ಕಳು. "ಅಕ್ಕ, ಇವರಿಗೆ ವಯಸ್ಸೇ ಆಗಲ್ವಾ?"

ಐರಾಳೂ ನಕ್ಕಳು. ಇಂಥ ಮಾತು ಆಡುವವನಿಗೆ ಏನಾಗಿದೆ? ತಿಂಗಳ ಹೆಸರು ಯಾರು ತಪ್ಪುವುದಿಲ್ಲ? ವೈಕೆ ಬೂದು ಬಣ್ಣದ ಕಾಲುಚೀಲವೊಂದನ್ನು ಎಳೆದು ಕೊಟ್ಟಳು. ಐರಾ ಅದರೊಳಗೆ ಕೈ ತೂರಿಸಿ, ಹಿಮ್ಮಡಿ ಎಲ್ಲಿಗೆ ಬರುತ್ತದೆಂದು ನೋಡಿ, "ಇದು ನಿನಗೆ ಆಗುತ್ತಾ ನೋಡು," ಎಂದು ತಿರುಗಿದಳು.

ರೈನೊ ಇರಲಿಲ್ಲ.

ಮೊದಲು ಅವಳು ಪಕ್ಕದ ಅಂಗಡಿ ನೋಡಿದಳು. ಆಮೇಲೆ ಅದರಾಚೆಯದು. "ಇಲ್ಲೇ ಇದ್ರಲ್ಲ," ಎಂದಳು ವೈಕೆ. ಬೀದಿಯ ಎರಡೂ ತುದಿಯಲ್ಲಿ ಪ್ರವಾಸಿಗಳ ಗುಂಪು, ಛತ್ರಿ ಎತ್ತಿ ಹಿಡಿದ ಮಾರ್ಗದರ್ಶಕರು. ಅವನದರಂಥ ನೀಲಿ ಟೋಪಿಯ ಗಂಡಸರು ಹತ್ತು ಜನ, ಯಾರೂ ಅವನಲ್ಲ. ಬೀದಿಯಲ್ಲಿ ನಿಂತು ಗಂಡನ ಹೆಸರು ಕೂಗುವುದು ಅವಳಿಂದ ಆಗುವ ಕೆಲಸವಲ್ಲ. ಅವಳ ಅಮ್ಮ ಬೆಂಕಿ ಬಿದ್ದಾಗಲೂ ದನಿ ಎತ್ತಿದವಳಲ್ಲ. ಫೋನ್ ಮಾಡಿದಳು. ಅವಳ ಚೀಲದೊಳಗೇ, ರೊಟ್ಟಿಯ ಪೊಟ್ಟಣದ ಪಕ್ಕದಲ್ಲೇ ಅವನ ಫೋನ್ ಗುಂಯ್ ಎಂದಿತು. ಕಳೆದುಕೊಳ್ಳುತ್ತಾನೆಂದು ಅವಳೇ ಇಟ್ಟುಕೊಂಡಿದ್ದಳು.

ಕಾಲುಚೀಲ ಅಲ್ಲೇ ಬಿಟ್ಟು ನಡೆದಳು. ಪುರಸಭೆಯ ಚೌಕದಲ್ಲಿ ಬಾದಾಮಿ ಹುರಿಯುವ ವಾಸನೆ, ಒಂದು ಮದುವೆಯ ದಿಬ್ಬಣ. ಹಳೆಯ ಔಷಧದಂಗಡಿಯ ಬಾಗಿಲಲ್ಲಿ ಇಣುಕಿದಳು. ಗಲ್ಲಿಗಳು ಒಂದರೊಳಗೊಂದು ತೆರೆದುಕೊಳ್ಳುತ್ತಿದ್ದವು. ಈ ಊರು ಇಷ್ಟು ಇಕ್ಕಟ್ಟೆಂದು, ಈ ಗೋಡೆಗಳು ಇಷ್ಟು ಎತ್ತರವೆಂದು ಅವಳಿಗೆ ಹೊಳೆದೇ ಇರಲಿಲ್ಲ. ಮಂಡಿ ನೋಯತೊಡಗಿತು. ಪೊಲೀಸರಿಗೆ ಹೇಳಬೇಕೇ? ಹೇಳಿದರೆ ಸಾತುವಿಗೂ ಗೊತ್ತಾಗುತ್ತದೆ, ಡಾಕ್ಟರಿಗೂ ಗೊತ್ತಾಗುತ್ತದೆ. ಆಮೇಲೆ ಹಾಳೆಯನ್ನು ತುಂಬಬೇಕಾಗಿಯೇ ಇಲ್ಲ.

ಮನೆಗಳ ಮಾಡುಗಳ ನಡುವೆ ಒಲೆವಿಸ್ತೆಯ ಗೋಪುರ ಕಂಡಿತು. ಆಟ, ಎಂದುಕೊಂಡಳು. ಆಟ ಮುಗಿಸಲು ಹೋಗಿರುತ್ತಾನೆ. ಗೋಪುರದ ಬುಡದಲ್ಲಿ ಅವನಿರಲಿಲ್ಲ. ಅದನ್ನೂ ದಾಟಿ ಉದ್ದದ ಬೀದಿಯಲ್ಲಿ ಇಳಿದಳು. ಸಮುದ್ರದ ಕಡೆಯ ಬಾಗಿಲಲ್ಲಿ, ದಪ್ಪ ಮಾರ್ಗರೀಟಾ ಎಂದು ಎಲ್ಲರೂ ಕರೆಯುವ ಗುಂಡು ಬುರುಜಿನ ಪಕ್ಕ, ರೈನೊ ನೆಟ್ಟಗೆ ನಿಂತಿದ್ದ. ಎದುರಿಗೆ ರಸ್ತೆ, ರಸ್ತೆಯಾಚೆ ಬಂದರಿನ ಕ್ರೇನುಗಳು.

"ಎಲ್ಲಿ ಹೋಗಿದ್ದೆ?" ಎಂದು ಅವನೇ ಕೇಳಿದ.

"ನಾನಾ?" ಎಂದಳು ಐರಾ. "ಒಂದು ಮಾತು ಹೇಳಿ ಬರಬಾರದಾ ಮಾರಾಯ?"

"ಕಾಲುಚೀಲಕ್ಕೆ ಅರ್ಧ ದಿನ ಬೇಕು ನಿನಗೆ. ಅಷ್ಟರಲ್ಲಿ ಸಮುದ್ರ ನೋಡಿ ಬರೋಣ ಅಂತ ಬಂದೆ." ಅವನು ಕೈಗಡಿಯಾರ ನೋಡಿಕೊಂಡ. "ಇನ್ನೂ ಹೊತ್ತಿದೆಯಲ್ಲ."

ಸರಿಯಾದ ಉತ್ತರ. ಯಾವ ಗಂಡನೂ ಕೊಡಬಹುದಾದ ಉತ್ತರ. ಐರಾ ಅವನ ಕಣ್ಣುಗಳನ್ನು ನೋಡಿದಳು. ಅಲ್ಲಿ ಹುಡುಕಿದರೆ ಏನಾದರೂ ಸಿಕ್ಕೀತೆಂದು ಹೆದರಿ, ನೋಟ ತಿರುಗಿಸಿ, ಅವನ ಕುತ್ತಿಗೆಯ ವಸ್ತ್ರ ಸರಿಪಡಿಸಿದಳು. ಬೆಂಚಿನ ಮೇಲೆ ಕೂತು ಇಬ್ಬರೂ ಮೊಟ್ಟೆ ಸುಲಿದು ತಿಂದರು.

ಹೋಟೆಲಿನಿಂದ ಬಂದರಿಗೆ ಅವನು ಕಾರು ಓಡಿಸಿದ. ಟ್ರಾಮಿಗೆ ದಾರಿ ಬಿಟ್ಟ, ದೀಪಕ್ಕೆ ನಿಂತ, ಸರಿಯಾದ ಸಾಲು ಹಿಡಿದ. ಬಂದರಿನ ಟಿಕೆಟ್ ಗೂಡಿನಲ್ಲಿದ್ದವಳು ಕೊಟ್ಟ ಚೀಟಿಯನ್ನು ಕನ್ನಡಿಗೆ ತಗುಲಿಹಾಕಿ, ಆರನೆಯ ಸಾಲಿನಲ್ಲಿ ಕಾರು ನಿಲ್ಲಿಸಿದ. ಐರಾ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದವಳು ಮೆಲ್ಲಗೆ ಹೊರತೆಗೆದಳು.

"ಐದನೇ ಸಾಲನ್ನ ಮೊದಲು ಬಿಡ್ತಿದಾರೆ," ಎಂದು ರೈನೊ ಗೊಣಗಿದ. "ಲಾರಿ ಎಲ್ಲಾ ಒಂದೇ ಕಡೆ ತುಂಬಿದ್ರೆ ಹಡಗು ವಾಲಲ್ವಾ? ಯಾರು ಕಲಿಸಿದ್ರೋ ಇವರಿಗೆ."

"ನಿನ್ನನ್ನ ಕರೆಯೋಕೆ ಮರೆತ್ರು ಅಂತ ಕಾಣುತ್ತೆ."

"ಹೂಂ. ಕರೀಬೇಕಿತ್ತು."

ಅವನು ಮುಂದೆ ನೋಡುತ್ತಿದ್ದಾಗ ಅವಳು ಚೀಲದೊಳಗೇ ಹಾಳೆ ಬಿಡಿಸಿದಳು. ಪೆನ್ನಿನ ಮುಚ್ಚಳ ತೆಗೆದಳು. ಎಂದೂ ಇಲ್ಲ. ಚೌಕ ಎಷ್ಟು ಚಿಕ್ಕದಿತ್ತೆಂದರೆ ಒಂದು ಗೀಟು ಸಾಕು. ಫೆಬ್ರವರಿಯ ಬಸ್ಸಿನ ದೀಪಗಳು ಒಂದು ಗಳಿಗೆ ಕಾಗದದ ಮೇಲೆ ಹೊಳೆದಂತಾಯಿತು. ಮಂಜುಗಡ್ಡೆ, ಎಂದು ತನಗೆ ತಾನೇ ಹೇಳಿಕೊಂಡು ಪೆನ್ನು ಊರುವಷ್ಟರಲ್ಲಿ ಮುಂದಿನ ಕಾರು ಚಲಿಸಿತು. ರೈನೊ ಗೇರು ಹಾಕಿದ. ಹಾಳೆ ಚೀಲದೊಳಕ್ಕೆ ಜಾರಿತು.

ಕಬ್ಬಿಣದ ಏರು ಹತ್ತಿ ಹಡಗಿನ ಹೊಟ್ಟೆಯೊಳಕ್ಕೆ ಬಂದರು. ಡೀಸೆಲ್ ಹೊಗೆ, ಸರಪಳಿಗಳ ಸದ್ದು, ಮಂಕು ಹಳದಿ ಬೆಳಕು. ಬಲಕ್ಕೆ ಲಾರಿಗಳ ಸಾಲು, ಎಡಕ್ಕೆ ಕಂಬಗಳು, ಎದುರಿಗೆ ದೂರದಲ್ಲಿ ಬಿಳಿ ಬಣ್ಣ ಬಳಿದ ಕಬ್ಬಿಣದ ಗೋಡೆ. ಮುಂದಿದ್ದ ಕಾರು ಕಂಬಗಳಾಚೆಯ ಸಾಲಿಗೆ ಹೋಗಿತ್ತು, ಗೋಡೆಯವರೆಗೂ ಇನ್ನೂ ಮೂರು ಕಾರಿನಷ್ಟು ಜಾಗವಿತ್ತು. ರೈನೊ ಅಲ್ಲೇ ನಿಲ್ಲಿಸಿದ. ಕೈಬ್ರೇಕು ಎಳೆದ. ಬಾಗಿಲು ತೆರೆದು ಇಳಿದ.

"ರೈನೊ? ಇನ್ನೂ ಮುಂದೆ ಹೋಗ್ಬೇಕು. ಎಲ್ಲಿಗೆ ಹೋಗ್ತಿದೀಯ?"

ಬಾಗಿಲು ಮುಚ್ಚಿಕೊಂಡಿತು. ಎಂಜಿನ್ನು ಓಡುತ್ತಲೇ ಇತ್ತು. ಅವನು ಕಾರನ್ನು ಬಳಸಿ ಮುಂದೆ ನಡೆದ. ಮೂವತ್ತು ವರ್ಷದ ಹಿಂದಿನ ನಡಿಗೆ, ಕಾಲು ಸ್ವಲ್ಪ ಅಗಲಿಸಿ, ಅಲೆಗೆ ತೂಗುವವರ ಹಾಗೆ. ಗೋಡೆಗೆ ಬೆನ್ನು ಕೊಟ್ಟು ನಿಂತು ಅವಳ ಕಡೆ ತಿರುಗಿದ. ಎರಡೂ ಕೈ ಎತ್ತಿದ. ಬೆರಳು ಮಡಿಸಿ ಕರೆದ.

ಹಿಂದಿನ ಕಾರು ಹಾರ್ನ್ ಹೊಡೆಯಿತು. ಅದರ ಹಿಂದಿನದೂ ಹೊಡೆಯಿತು. ಯಾರೋ ಕಿಟಕಿಯಿಂದ ತಲೆ ಹಾಕಿ, "ಏನಮ್ಮಾ, ಇಲ್ಲೇ ಮನೆ ಕಟ್ತೀರಾ?" ಎಂದು ಕೂಗಿದರು.

ಅವಳು ಕೂತಿದ್ದ ಬಲಗಡೆಯ ಬಾಗಿಲು ಲಾರಿಯ ಚಕ್ರಕ್ಕೆ ತಾಗುವಂತಿತ್ತು. ಐರಾ ಚೀಲವನ್ನು ಕಾಲ ಬುಡಕ್ಕೆ ಎಸೆದು, ನೋಯುವ ಮಂಡಿಯನ್ನು ಗೇರಿನ ಕೋಲಿನ ಮೇಲಿಂದ ಎತ್ತಿ ಹಾಕಿ, ಅವನ ಸೀಟಿಗೆ ಬಿದ್ದಳು. ಸೀಟು ಬೆಚ್ಚಗಿತ್ತು. ಪೆಡಲು ದೂರವಿತ್ತು, ತುದಿಗಾಲಲ್ಲಿ ಮುಟ್ಟಿದಳು. ಹನ್ನೆರಡು ವರ್ಷ. ಎಡಗಾಲಿನದು ಕ್ಲಚ್ಚು, ನಡುವಿನದು ಬ್ರೇಕು. ಅದನ್ನು ಬಾಯಿಬಿಟ್ಟು ಹೇಳಿಕೊಂಡಳು. ತಪ್ಪಿ ಇನ್ನೊಂದನ್ನು ತುಳಿದರೆ ಗೋಡೆಗೂ ಕಾರಿಗೂ ನಡುವೆ ಅವನಿದ್ದ. ಹಾರ್ನು ನಿಲ್ಲಲಿಲ್ಲ.

ರೈನೊ ಕರೆಯುತ್ತಲೇ ಇದ್ದ. ಅವಸರವಿಲ್ಲ, ಗಾಬರಿಯಿಲ್ಲ. ಅವಳು ಕ್ಲಚ್ಚು ತುಳಿದು, ಗೇರು ಹಾಕಿ, ಕೈಬ್ರೇಕು ಇಳಿಸಿದಳು. ಕಾರು ಒಮ್ಮೆ ಜಗ್ಗಿ ತೆವಳಿತು. ಅವನ ಅಂಗೈ ಎಡಕ್ಕೆ ಬಿತ್ತು. ಚಕ್ರ ಎಡಕ್ಕೆ ತಿರುಗಿಸಿದಳು. ಲಾರಿಯ ಕನ್ನಡಿ ಕಿಟಕಿಯ ಪಕ್ಕ ಹಾದುಹೋಯಿತು. ಅಂಗೈ ನೆಟ್ಟಗಾಯಿತು. ಇನ್ನೂ ಬಾ. ಈಗ ಅವನ ಕೋಟಿನ ಗುಂಡಿಗಳು ಕಾಣುತ್ತಿದ್ದವು. ಇನ್ನೂ ಬಾ. ಅವನ ಮಂಡಿ ಬಾನೆಟ್ಟಿನ ಕೆಳಗೆ ಮರೆಯಾಯಿತು. ಅವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದ, ಬಗ್ಗಿ ಗೋಡೆ ನೋಡಿದ, ಮುಷ್ಟಿ ಎತ್ತಿದ.

ಕಾರು ನಿಂತಿತು.

ಅವನು ಬಾನೆಟ್ಟಿಗೆ ಎರಡು ಸಲ ತಟ್ಟಿ ಕಿಟಕಿಯ ಬಳಿ ಬಂದ. ಐರಾ ಗಾಜು ಇಳಿಸಿದಳು. ಅವನ ಮುಖದಲ್ಲಿ ಪ್ರಯಾಣಿಕರಿಗೆಂದೇ ಇಟ್ಟುಕೊಂಡಿದ್ದ ಮರ್ಯಾದೆಯ ನಗುವಿತ್ತು.

"ಚೆನ್ನಾಗಿ ತಂದ್ರಿ ಮೇಡಂ. ಕೈಬ್ರೇಕು ಹಾಕಿ, ಗೇರಲ್ಲೇ ಬಿಡಿ. ಮೇಲೆ ಹೋಗಿ ಕಾಫಿ ಕುಡೀರಿ. ಸಮುದ್ರ ಸ್ವಲ್ಪ ಜೋರಿದೆ, ಮೆಟ್ಟಿಲ ಕಂಬಿ ಹಿಡ್ಕೊಂಡು ಹತ್ತಿ."

"ಆಗಲಿ," ಎಂದಳು ಐರಾ.

ಅವನು ಹಿಂದೆ ನಿಂತಿದ್ದ ಕಾರಿನ ಕಡೆ ಹೊರಟ. ಅಷ್ಟರಲ್ಲಿ ಹಳದಿ ಜಾಕೆಟ್ಟಿನ ಹೆಂಗಸೊಬ್ಬಳು ಲಾರಿಗಳ ಸಂದಿಯಿಂದ ಓಡಿ ಬಂದಳು. ಈ ಅಂತಸ್ತಿನ ಹೊಣೆ ಅವಳದು. "ಯಾರ್ರೀ ಇವರು? ಕಾರುಗಳ ಮಧ್ಯೆ ಓಡಾಡೋಕೆ ಇದೇನು ಸಂತೇನಾ?"

ಐರಾ ಗೇರು ತಪ್ಪಿಸಿ, ಕೈಬ್ರೇಕು ಎಳೆದು, ಇಳಿದು ಅವಳ ತೋಳು ಹಿಡಿದಳು. "ನನ್ನ ಗಂಡ. ರೈನೊ ಅಂತ. ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದವನು. ಈಗ..." ಮುಂದಿನದನ್ನು ಅವಳು ಎಂದೂ ಯಾರೆದುರೂ ಹೇಳಿರಲಿಲ್ಲ. "ಈಗ ಅವನಿಗೆ ಹೊತ್ತು ಗೊತ್ತಾಗಲ್ಲ."

ಹೆಂಗಸು ಒಂದು ಗಳಿಗೆ ಐರಾಳ ಮುಖ ನೋಡಿದಳು. ಆಮೇಲೆ ರೈನೊನ ಹತ್ತಿರ ಹೋಗಿ, "ರೈನೊ ಅವರೇ, ನನ್ನ ಪಾಳಿ ಶುರುವಾಯ್ತು. ನೀವು ಮೇಲೆ ಹೋಗಿ, ನಾನು ನೋಡ್ಕೋತೀನಿ," ಎಂದಳು.

"ಲೇಟಾಗಿ ಬಂದ್ಯಲ್ಲ," ಎಂದ ರೈನೊ. "ಮೂರನೇ ಲಾರಿಗೆ ಸರಪಳಿ ಹಾಕಿಲ್ಲ. ಕಣ್ಣು ಎಲ್ಲಿಟ್ಟಿದ್ದೆ?"

ಅವಳು ತಿರುಗಿ ನೋಡಿದಳು. ಹಾಕಿರಲಿಲ್ಲ. "ತಪ್ಪಾಯ್ತು," ಎಂದು ಸರಪಳಿ ಎತ್ತಿಕೊಂಡಳು. ರೈನೊ ತನ್ನ ಕೈಯಲ್ಲಿಲ್ಲದ ಕೈಗವಸುಗಳನ್ನು ಒಂದೊಂದಾಗಿ ಕಳಚಿ ಜೇಬಿಗೆ ಹಾಕಿಕೊಂಡ. ಐರಾ ಕಾರಿಗೆ ಹಿಂದಿರುಗಿ ಎಂಜಿನ್ನು ಆರಿಸಿದಳು. ಕೀಲಿ ತೆಗೆದಳು.

ಮೇಲಿನ ಅಂತಸ್ತಿನ ಕಿಟಕಿಯ ಪಕ್ಕ ಇಬ್ಬರಿಗೂ ಜಾಗ ಸಿಕ್ಕಿತು. ಹಡಗು ಹೊರಟಿತು. ಕೋಟೆ, ಕೆಂಪು ಮಾಡುಗಳು, ಕೊನೆಗೆ ಗೋಪುರ ಮಾತ್ರ ಉಳಿಯಿತು. ಅರ್ಧ ಕಾಫಿ ಕುಡಿಯುವ ಹೊತ್ತಿಗೆ ರೈನೊನ ಕಣ್ಣು ಅವಳ ಮುಖಕ್ಕೆ ಬಂದು ನಿಂತಿತು, ದೂರದಿಂದ ಬಂದವನಂತೆ.

"ರೊಟ್ಟಿ ಉಳಿದಿದೆಯಾ ಅಮ್ಮ?"

ಪೊಟ್ಟಣ ಬಿಚ್ಚಿ ಕೊಟ್ಟಳು. ಅವನು ಎರಡು ತುತ್ತು ತಿಂದು, "ಕಾರು... ನಾನು ಸರಿಯಾಗಿ ನಿಲ್ಲಿಸಿದ್ನಲ್ಲ?" ಎಂದ. ದನಿ ಬಹಳ ತಗ್ಗಿತ್ತು.

"ನೀನೇ ನಿಲ್ಲಿಸಿದ್ದು. ಗೋಡೆಗೂ ಕಾರಿಗೂ ಒಂದು ಗೇಣು."

"ಒಂದು ಗೇಣು," ಎಂದು ಅವನು ತಲೆಯಾಡಿಸಿದ. ಅವಳ ಕೈಮೇಲೆ ಬಿದ್ದಿದ್ದ ರೊಟ್ಟಿಯ ಚೂರನ್ನು ಬೆರಳಿನಿಂದ ಒರೆಸಿದ.

ಸಾತುವಿನ ಸಂದೇಶ ಬಂತು. ಅಪ್ಪ ಹೇಗೆ ಓಡಿಸಿದರು, ಹಾಳೆ ತುಂಬಿದೆಯಾ? ಐರಾ 'ಗಾಳಿ ಜೋರಾಗಿದೆ. ಮನೆ ಮುಟ್ಟಿದ ಮೇಲೆ ಫೋನ್ ಮಾಡ್ತೀನಿ' ಎಂದು ಬರೆದಳು.

ಹೆಲ್ಸಿಂಕಿಯಲ್ಲಿ ಇಳಿಯುವಾಗ ಇಳಿಜಾರು, ಆಮೇಲೆ ಟ್ರಾಮಿನ ಹಳಿ, ನಾಲ್ಕೋ ಐದೋ ದೀಪಗಳು. ಅದು ದಾಟಿದರೆ ಪೋರ್ವೊವರೆಗೂ ನೇರ ರಸ್ತೆ, ಐವತ್ತು ಕಿಲೋಮೀಟರು. ದೀಪಗಳನ್ನು ಅವಳು ಮನಸ್ಸಿನಲ್ಲೇ ಒಂದೊಂದಾಗಿ ದಾಟಿದಳು. ಸೀಟನ್ನು ಪೆಡಲು ಸಿಗುವಷ್ಟು ಮುಂದಕ್ಕೆ ಎಳೆದುಕೊಳ್ಳಬೇಕು. ಘೋಷಣೆ ಆಗುವುದಕ್ಕೆ ಐದು ನಿಮಿಷ ಮೊದಲೇ ಎದ್ದು ಕೆಳಗಿಳಿಯಬೇಕು, ಅವನಿಗಿಂತ ಮುಂಚೆ ಚಾಲಕನ ಕಡೆಯ ಬಾಗಿಲು ತೆರೆಯಬೇಕು. ಪಕ್ಕದಲ್ಲಿ ಕೂತು ಅವನು ಇಲ್ಲದ ಬ್ರೇಕು ತುಳಿದರೆ ತುಳಿಯಲಿ. ಹಾಳೆಯನ್ನು ನಾಳೆ, ಅವನು ಮಲಗಿದ್ದಾಗ, ತುಂಬಬೇಕು: ಮೂರನೆಯ ಚೌಕ, ಆಗಾಗ.

ರೈನೊ ಕೋಟಿನ ಜೇಬು ತಡಕಿದ. ಒಂದು ಜೇಬು, ಇನ್ನೊಂದು ಜೇಬು. "ಕೀಲಿ ಎಲ್ಲಿಟ್ಟೆ ನಾನು?"

"ಭದ್ರವಾಗಿದೆ," ಎಂದಳು ಐರಾ. ಜೇಬಿನೊಳಗೆ ಅವಳ ಮುಷ್ಟಿ ಬಿಗಿಯಾಗಿತ್ತು. "ಕಾಫಿ ಆರಿಹೋಗುತ್ತೆ, ಕುಡಿ."